ಗುಂಡಿಗೆ ಇಳಿಬಿಟ್ಟ ಹಳೇ ಬಟ್ಟೆಗಳು

ಓದತಕ್ಕ ಭಾಗ: ಯೆರೆಮೀಯ 38ನೆಯ ಅಧ್ಯಾಯ, 7ರಿಂದ 13ನೆಯ ವಚನಗಳು.



ಸತ್ಯವೇದದೊಳಗೆ ಹಳೇ ಬಟ್ಟೆಗಳಿಗೂ ಒಂದು ಸ್ಥಳವು ದೊರೆತಿರುವದನ್ನು ನಿಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೀರೋ ನಾನರಿಯೆ. ಕ್ರಿಸ್ತಪೂರ್ವ 588ರ ಸುಮಾರಿನಲ್ಲಿ, ಬಾಬೆಲಿನವರಿಂದ ಯೆರೂಸಲೇಮಿಗೆ ಮುತ್ತಿಗೆಯಾಗಿದ್ದ ಕಾಲದಲ್ಲಿ, ಅಧಿಪತಿಗಳು ಪ್ರವಾದಿಯಾದ ಯೆರೆಮೀಯನನ್ನು ಹಿಡಿದು ಕಾರಾಗೃಹದ ಅಂಗಳದಲ್ಲಿದ್ದ ನೀರಿನ ಗುಂಡಿಯೊಳಗೆ ಇಳಿಸಿದರು. ಅದರಲ್ಲಿ ನೀರಿರಲಿಲ್ಲ, ಕೆಸರೇ ಇತ್ತು. ಪ್ರವಾದಿಯು ಅದರಲ್ಲಿ ಹೂತುಹೋದನು. ಅರಮನೆಯ ಸೇವಕನಾದ ಎಬೆದ್ಮೆಲೆಕನೆಂಬ ಕೂಷ್ಯನು ಇದನ್ನು ಕೇಳಿ ಅರಸನ ಬಳಿಗೆ ಹೋಗಿ ಬೇಡಿಕೊಂಡನು. ಇವನು ಪರದೇಶದವನು, ಕರಿಯ ಮೈಯವನು, ಆ ಊರಿನಲ್ಲಿ ಕುಲಗೋತ್ರವಿಲ್ಲದವನು. ಅರಸನು ಅವನ ಸಂಗಡ 30 ಮಂದಿಯನ್ನು ಕಳುಹಿಸಿದನು.

ಈಗ ನೋಡಿರಿ. ಆಳುಗಳು ಉಂಟು, ಹಗ್ಗವು ಉಂಟು, ಅವಸರವೂ ಉಂಟು. ಆದರೂ ಎಬೆದ್ಮೆಲೆಕನು ನೆಟ್ಟಗೆ ಗುಂಡಿಯ ಬಳಿಗೆ ಹೋಗಲಿಲ್ಲ. ಮೊದಲು ಅರಮನೆಯ ಬೊಕ್ಕಸದ ಕೆಳಗಣ ಕೋಣೆಗೆ ಹೋಗಿ, ಅಲ್ಲಿ ಬಿದ್ದಿದ್ದ ಹಳೇ ಬಟ್ಟೆಗಳನ್ನೂ ಹರಕುಗಳನ್ನೂ ಆಯ್ದುಕೊಂಡನು. ಮೇಲೆ ಬೊಕ್ಕಸದಲ್ಲಿ ಬೆಳ್ಳಿಬಂಗಾರ. ಕೆಳಗೆ ಯಾರಿಗೂ ಬೇಡವಾದ ಬಟ್ಟೆ. ಆ ದಿನ ಪ್ರವಾದಿಯ ಪ್ರಾಣಕ್ಕೆ ಒದಗಿದ್ದು ಕೆಳಗಿನದೇ. ಅವುಗಳನ್ನು ಅವನು ಮೇಲಿನಿಂದ ಎಸೆಯಲಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಹಗ್ಗವು ಉಜ್ಜಿ ನೋಯಿಸದ ಹಾಗೆ ಕಂಕುಳಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಸಿದನು. ಅರಸನ ಅಪ್ಪಣೆಯಲ್ಲಿ ಈ ಬಟ್ಟೆಯ ಮಾತೇ ಇರಲಿಲ್ಲ. ಗುಂಡಿಯೊಳಗಿರುವವನ ಮೈಗೆ ಏನಾಗುವದೆಂದು ಅವನೇ ಯೋಚಿಸಿದನು.

ಪ್ರಿಯರೇ, ಈ ಭಾಗವನ್ನು ನಾನು ತಡವಾಗಿ ಕಲಿತೆನು. ಕೆಲವು ವರುಷಗಳ ಹಿಂದೆ ನಮ್ಮ ಮನೆಯ ಅಟ್ಟವನ್ನು ಬರಿದುಮಾಡುವಾಗ ಒಂದು ಕಬ್ಬಿಣದ ಟ್ರಂಕು ಸಿಕ್ಕಿತು. ಅದರ ಒಂದು ಕೀಲು ಮುರಿದಿತ್ತು, ಅಡಿಯಲ್ಲಿ ತುಕ್ಕು ಹಿಡಿದಿತ್ತು. ಬಡವರಿಗಾದರೂ ಆಗಲಿ ಎಂದು ಅದರೊಳಗೆ ಒಗೆಯದ ಹೊದಿಕೆಗಳನ್ನು ತುರುಕಿ, ಮಳವಳ್ಳಿ ತಾಲ್ಲೂಕಿನ ಒಂದು ಕೇರಿಗೆ ಒಯ್ದು, ಒಬ್ಬ ತಾಯಿಯ ಜಗುಲಿಯ ಮೇಲೆ ಇಟ್ಟು, ಬೇಕೋ ಬೇಡವೋ ಎಂದು ಕೇಳದೆ ಬಂದುಬಿಟ್ಟೆನು. ಮುಂದಿನ ಭಾನುವಾರ ಆಕೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಆರಾಧನೆಗೆ ಬಂದು, ನನ್ನ ಮುಂದೆ ಇಳಿಸಿ, “ತಪ್ಪು ತಿಳ್ಕೋಬ್ಯಾಡಿ ಅಯ್ಯನೋರೇ. ನಮ್ಮವ್ವ ಗೌಡ್ರ ಹಿತ್ಲಲ್ಲಿ ಸೆರಗೊಡ್ಡಿ ಇಸ್ಕೋತಿದ್ದದ್ದು ಇಂಥದ್ನೇಯ. ನಂಗೆ ಬ್ಯಾಡಿ” ಅಂದಳು. ನನಗೆ ಮುಖವೆತ್ತಲಾಗಲಿಲ್ಲ.

ನಮ್ಮ ಸಭೆಗಳ ಅನೇಕ ಕುಟುಂಬಗಳಿಗೆ ಆ ಹಿತ್ತಲ ಬಾಗಿಲು ತಿಳಿಯದ್ದಲ್ಲ. ತಂಗಳನ್ನು ಮೇಲಿನಿಂದ ಸುರಿದದ್ದು, ಹರಿದ ಸೀರೆಯನ್ನು ಮುಟ್ಟದ ಹಾಗೆ ದೂರದಿಂದ ಎಸೆದದ್ದು, ಅದಕ್ಕಾಗಿ ಒಂದು ದಿನದ ಕೂಲಿಯನ್ನು ಮುರಿದುಕೊಂಡದ್ದು, ಇವೆಲ್ಲ ಅಜ್ಜಿಯರ ಬಾಯಲ್ಲಿ ಇನ್ನೂ ಇವೆ. 1927ರ ಮಾರ್ಚ್ ತಿಂಗಳಲ್ಲಿ ಮಹಾಡಿನಲ್ಲಿ ಕೂಡಿದ ಜನರಿಗೆ ಡಾಕ್ಟರ್ ಅಂಬೇಡ್ಕರರು, ಸತ್ತ ದನದ ಮಾಂಸವನ್ನೂ ಬಿಸಾಡಿದ ಎಂಜಲು ತುಣುಕುಗಳನ್ನೂ ಇನ್ನು ತಿನ್ನಕೂಡದೆಂದು ಬೋಧಿಸಿದರು. ಆ ಮಾತಿನ ಬೆಲೆ ತಿಳಿದವರು, ಹಳೆಯದನ್ನು ಕೊಡುವಾಗ ಕೈ ನಡುಗುವಷ್ಟು ಎಚ್ಚರಿಕೆಯಿಂದ ಕೊಡಬೇಕು.

ಹಾಗಾದರೆ ಹಳೆಯದನ್ನು ಕೊಡುವದೇ ಬೇಡವೋ? ಹಾಗಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯನ್ನು ನೀವು ಬಲ್ಲಿರಿ. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತು ಜವುಗಾಗುವ ವರುಷವೇ ಮದ್ದೂರು ಮಳವಳ್ಳಿಗಳ ಕೊನೇ ಭಾಗದ ರೈತನು ಒಣಗಿದ ತೂಬಿನ ಬಳಿ ಕೂತಿರುತ್ತಾನೆ. ಸಾಮಾನುಗಳ ಸಂಗತಿಯೂ ಹಾಗೆಯೇ. ಮಂಡ್ಯದಲ್ಲಿ ಮಗುವು ಬೆಳೆದ ಮನೆಯ ತೊಟ್ಟಿಲು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರುವಾಗ, ಬಳ್ಳಾರಿಯ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿ ಕೂಸು ಸೀರೆಯ ಜೋಲಿಯಲ್ಲಿ, ಗರಿಗಳ ಹೊಗೆಯೊಳಗೆ ಮಲಗಿದೆ. ಒಂದು ಮನೆಯಲ್ಲಿ ಮೂರು ಕುಕ್ಕರುಗಳು; ಇನ್ನೊಂದರಲ್ಲಿ ಅನ್ನಕ್ಕೂ ಸಾರಿಗೂ ಒಂದೇ ಪಾತ್ರೆ. ಪೂರ್ವಕಾಲದಲ್ಲಿ ತೊಟ್ಟಿಲು ನೆಂಟರೊಳಗೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಮದುವೆಯ ಕೊಪ್ಪರಿಗೆಯು ಯಾರದೆಂದೇ ಮರೆತುಹೋಗುವಷ್ಟು ಮನೆಗಳನ್ನು ನೋಡುತ್ತಿತ್ತು. ಈಗ ಹಳೇ ಸೀರೆಗಳು ಪಾತ್ರೆಯವಳ ಗಂಟಿಗೂ, ಮಂಚವು ಗುಜರಿಯ ತಕ್ಕಡಿಗೂ ಹೋಗುತ್ತವೆ. ಕಷ್ಟಕ್ಕೆ ಮಾರಿಕೊಳ್ಳುವವರನ್ನು ನಾನು ದೂರುವದಿಲ್ಲ. ನಾಲ್ಕು ಕಾಸಿಗಾಗಿ ಉಪಯೋಗದ ವಸ್ತುವನ್ನು ತುಂಡುಮಾಡಿಸುವ ಅನುಕೂಲಸ್ಥರಿಗೆ ಹೇಳುತ್ತೇನೆ.

2023ರ ಮೇ ತಿಂಗಳಲ್ಲಿ ಭಾರತ ಸರಕಾರವು ಹಳೇ ಬಟ್ಟೆ, ಪುಸ್ತಕ, ಪಾದರಕ್ಷೆ, ಆಟದ ಸಾಮಾನುಗಳನ್ನು ಒಪ್ಪಿಸತಕ್ಕ ಕೇಂದ್ರಗಳನ್ನು ನಗರಗಳಲ್ಲಿ ತೆರೆಯಿಸಿತು. ಒಳ್ಳೇದೇ, ಆದರೆ ಅದು ನಗರದ ಏರ್ಪಾಡು, ಹಳ್ಳಿಗೆ ಬಂದದ್ದಲ್ಲ. ಇದಕ್ಕಿಂತ ನಮಗೆ ಹತ್ತಿರವಾದ ಪಾಠವು ದೆಹಲಿಯ ಗೂಂಜ್ ಸಂಸ್ಥೆಯದು. 1999ರಲ್ಲಿ ಅಂಶು ಗುಪ್ತರು ತಮ್ಮ ಮನೆಯ 67 ಉಡುಪುಗಳಿಂದ ಅದನ್ನು ಆರಂಭಿಸಿದರು. 2015ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆಯಿತು. ಅವರ ಕ್ರಮವೇನಂದರೆ, ಹಳ್ಳಿಯವರು ತಮ್ಮ ಊರಿಗೆ ಬೇಕಾದ ಕೆಲಸವನ್ನು ತಾವೇ ಆರಿಸಿಕೊಂಡು, ಬಾವಿ ತೋಡಿ, ದಾರಿ ಸರಿಮಾಡಿ, ಆ ದುಡಿಮೆಯ ಗೌರವಕ್ಕೆ ಬಟ್ಟೆಯನ್ನು ಪಡೆಯುವರು. ಭಿಕ್ಷೆಯೆಂಬ ಮಾತು ಅಲ್ಲಿಲ್ಲ. ನಾವು ಒಂದೇ ಸಭೆಯವರು, ನೆರೆಹೊರೆಯವರು. ನಮ್ಮೊಳಗೆ ಕೆಲಸವನ್ನೂ ಕೇಳಬೇಕಾಗಿಲ್ಲ. ಆದರೆ ತೆಗೆದುಕೊಳ್ಳುವವನು ತಲೆಯೆತ್ತಿ ತೆಗೆದುಕೊಳ್ಳಬೇಕೆಂಬ ಅವರ ಚಿಂತೆಯನ್ನು ನಾವೂ ಕಲಿಯೋಣ.

ಆದಕಾರಣ ಕೊಡುವವರು ಮೊದಲು ಕೇಳಿರಿ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದಿದ್ದರೆ ಬೇಕೆನ್ನುವದಕ್ಕೆ ಅರ್ಥವಿಲ್ಲ. ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡಿರಿ. ಕುಕ್ಕರಿನ ರಬ್ಬರು ಸಡಿಲವಾಗಿದ್ದರೆ ಹೊಸದನ್ನು ಹಾಕಿಸಿರಿ. ತಂತಿ ಬಿರಿದ ಇಸ್ತ್ರಿಪೆಟ್ಟಿಗೆಯನ್ನು ಯಾರಿಗೂ ಕೊಡಲೇಕೂಡದು, ಅದು ಪ್ರಾಣ ತೆಗೆಯುವದು. ಕೊಯ್ಲಿನ ಹಬ್ಬದಲ್ಲಿ ಕಾಣಿಕೆಯ ಕುಂಬಳಕಾಯಿಗೆ ಏಲ ಕೂಗುತ್ತೇವೆ, ಅದು ಸಂತೋಷದ ಪದ್ಧತಿಯೇ; ತೊಟ್ಟಿಲನ್ನು ಮಾತ್ರ ಸಭೆಯ ಮುಂದೆ ಹೆಸರು ಕೂಗಿ ಕೊಡಬೇಡಿರಿ. ದೂರದ ಮಾತು ಬೇರೆ: ಮಂಡ್ಯದಲ್ಲಿ ಮಂಚವಿದೆಯೆಂಬ ಸುದ್ದಿ ಫೋನಿನಲ್ಲಿ ಕ್ಷಣದೊಳಗೆ ಮಳವಳ್ಳಿಗೆ ಮುಟ್ಟುವದು, ಮಂಚವು ಮುಟ್ಟುವದಿಲ್ಲ. ಮಳವಳ್ಳಿಗೆ ರೈಲೂ ಇಲ್ಲ. ಸಾಗಿಸುವ ಆಟೋವಿನ ಬಾಡಿಗೆಯನ್ನು ಕೊಡುವವನೇ ಹೊತ್ತರೆ ಆ ದಾನವು ಪೂರ್ಣವಾದೀತು. ಇಲ್ಲವಾದರೆ ಬಡವನು ಉಚಿತವಾದ ಮಂಚಕ್ಕೆ ಸಾಲ ಮಾಡಬೇಕಾದೀತು.

ತೆಗೆದುಕೊಳ್ಳುವವರಿಗೂ ಒಂದು ಮಾತು. ಯೆರೆಮೀಯನು ಆ ಹರಕುಗಳನ್ನು ಕಂಕುಳಲ್ಲಿ ಇಟ್ಟುಕೊಂಡನು. ಪ್ರವಾದಿಯಾದ ನನಗೆ ಇಂಥ ಬಟ್ಟೆಯೋ ಎಂದು ಬಿಸಾಡಲಿಲ್ಲ. ಪ್ರೀತಿಯಿಂದ ಇಳಿಬಿಟ್ಟದ್ದಕ್ಕೂ ತಾತ್ಸಾರದಿಂದ ಎಸೆದದ್ದಕ್ಕೂ ಇರುವ ಭೇದವು ಕೈಗೆ ಬಂದಾಗಲೇ ತಿಳಿಯುವದು.

ಆ ಟ್ರಂಕನ್ನು ನಾನು ಮದ್ದೂರಿನ ಒಬ್ಬ ಕೆಲಸಗಾರನ ಬಳಿ ಕೊಟ್ಟು, ಕೀಲು ಹಾಕಿಸಿ, ಅಡಿಗೆ ತಗಡು ಬಡಿಸಿ, ಹಸುರು ಬಣ್ಣ ಬಳಿಸಿದೆನು. ಎರಡು ತಿಂಗಳ ಮೇಲೆ ಬರಿಗೈಯಲ್ಲಿ ಹೋಗಿ, ತರಲೋ ಎಂದು ಆ ತಾಯಿಯನ್ನು ಕೇಳಿದೆನು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, “ತನ್ನಿ, ನೋಡಾನ” ಅಂದಳು. ತಂದ ದಿನ ಮುಚ್ಚಳವನ್ನು ಎರಡು ಮೂರು ಸಾರಿ ತೆಗೆದು ಮುಚ್ಚಿ ನೋಡಿ ಒಳಗೆ ಇರಿಸಿಕೊಂಡಳು. ನಾನು ಹೊರಡುವಾಗ ಒಂದು ಸೇರು ಹುರುಳಿಯನ್ನು ಚೀಲಕ್ಕೆ ಹೊಯ್ದು ಕೊಟ್ಟಳು. ಬೇಡವೆನ್ನಲು ಬಾಯಿ ತೆರೆದವನು ಆಕೆಯ ಮುಖವನ್ನು ನೋಡಿ ಸುಮ್ಮನಾದೆನು. ಅದೇ ರಾತ್ರಿ ನಮ್ಮ ಮನೆಯಲ್ಲಿ ಹುರುಳಿಯ ಬಸ್ಸಾರಾಯಿತು.