ಸಿದ್ಧರಿರಬೇಕಾದವರು ಯಾರು?

ಐಟಿಐ ಮುಗಿಸಿದ ಹುಡುಗರ ಬಗ್ಗೆ ಉದ್ಯಮದವರು ಮಾತಾಡುವಾಗ ಒಂದು ವಾಕ್ಯ ತಪ್ಪದೆ ಬರುತ್ತದೆ: 'ಇವರು ಕೆಲಸಕ್ಕೆ ಸಿದ್ಧರಿರುವುದಿಲ್ಲ.' ಸರ್ಕಾರವೂ ಇದನ್ನು ಒಪ್ಪಿಕೊಂಡಂತಿದೆ. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಯಾವ ಟ್ರೇಡ್ ಹಿಡಿದರೂ 'ಎಂಪ್ಲಾಯಬಿಲಿಟಿ ಸ್ಕಿಲ್ಸ್' ಎಂಬ ವಿಷಯವನ್ನು ಓದಲೇಬೇಕು. ಓದಲಿ. ಆದರೆ ಸಿದ್ಧತೆ ಎಂಬ ಈ ಮಾತನ್ನು ಕೆಲಸ ಕೇಳುವವರ ಮೇಲೆ ಮಾತ್ರ ಹೊರಿಸುವುದು ನ್ಯಾಯವೇ? (ಬಟ್ಟೆ ಅಂಗಡಿಗಳ ಬೋರ್ಡಿನಲ್ಲಿ 'ಸಿದ್ಧ ಉಡುಪು' ಎಂದು ಬರೆದಿರುತ್ತಾರಲ್ಲ, ಅಲ್ಲಿ ಸಿದ್ಧವಾಗಿರುವುದು ಅಂಗಿ; ಅದಕ್ಕೆ ಒಗ್ಗಬೇಕಾದದ್ದು ಮಾತ್ರ ನಮ್ಮ ಮೈ.)

ಆ ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ಡ್ರಾಯಿಂಗ್ ಓದಲು ಬಾರದ ಫಿಟ್ಟರ್, ಮುಖಕ್ಕೆ ಶೀಲ್ಡ್ ಹಿಡಿಯದೆ ಕೂರುವ ವೆಲ್ಡರ್ ತನಗೂ ಜೊತೆಯವರಿಗೂ ಅಪಾಯವೇ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳು 4700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ 'ಟೆಕ್ನಾಲಜಿ ಹಬ್'ಗಳಾಗಿ ಉದ್ಘಾಟನೆಗೊಂಡವು. ಹಳೆಯ ಲೇತ್‌ಗಳ ಪಕ್ಕಕ್ಕೆ ರೋಬೋಟ್ ಬಂತು. ಒಳ್ಳೆಯದೇ ಆಯಿತು. ಆದರೆ ರೋಬೋಟ್ ಓಡುವ ಕಾರ್ಖಾನೆ ದೇವದುರ್ಗದಲ್ಲಿಲ್ಲ. ಮಾನ್ವಿಯ ಕಡೆ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಅದನ್ನು ನಂಬಿದ ರೈಸ್ ಮಿಲ್ಲುಗಳು. ರಾಯಚೂರಿನಲ್ಲಿ ಹಂಗಾಮಿಗೆ ತಕ್ಕಂತೆ ಓಡುವ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಗಳಿವೆ, ಹತ್ತಿರದಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವಿದೆ. 2002ರಲ್ಲಿ ನಂಜುಂಡಪ್ಪ ಸಮಿತಿ 'ಅತ್ಯಂತ ಹಿಂದುಳಿದ' ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಹಾಗಾಗಿ ಇಲ್ಲಿನ ಹುಡುಗ ಕೆಲಸಕ್ಕೆ ಸಿದ್ಧನಾಗಬೇಕಾದರೆ ಮೊದಲು ಊರು ಬಿಡಲು ಸಿದ್ಧನಾಗಬೇಕು. ಆ ಪಾಠವನ್ನು ಅವನು ಐಟಿಐಗೆ ಬರುವ ಮೊದಲೇ, ಗುಳೆ ಹೋಗುವ ಅಪ್ಪ ಅವ್ವನನ್ನು ನೋಡಿ ಕಲಿತಿರುತ್ತಾನೆ.

ಊರು ಬಿಡಲು ದುಡ್ಡು ಬೇಕು. 2019ರಲ್ಲಿ ತಿದ್ದಿದ ಅಪ್ರೆಂಟಿಸ್‌ಶಿಪ್ ನಿಯಮಗಳು ಐಟಿಐ ಪ್ರಮಾಣಪತ್ರ ಇದ್ದವರಿಗೆ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7000 ರೂಪಾಯಿ. ನಾನೂರು ಕಿಲೋಮೀಟರ್ ದಾಟಿ ಬೆಂಗಳೂರಿಗೆ ಹೋದವನು ಇದರಲ್ಲಿ ರೂಮಿನ ಬಾಡಿಗೆ ಕೊಡಬೇಕು, ಊಟ ಮಾಡಬೇಕು, ಬಸ್ಸಿಗೆ ಇಡಬೇಕು. ಮನೆಗೆ ಕಳಿಸುವ ಮಾತಿರಲಿ, ಮನೆಯಿಂದಲೇ ತರಿಸಬೇಕು. ತರಿಸಬಲ್ಲವನು ಒಂದು ವರ್ಷ ತಡೆದು ಅನುಭವಸ್ಥ ಎನಿಸಿಕೊಳ್ಳುತ್ತಾನೆ. ಅಷ್ಟೇ ಅಂಕ ಪಡೆದ ಇನ್ನೊಬ್ಬ ಮೂರು ತಿಂಗಳಿಗೆ ವಾಪಸ್ ಬರುತ್ತಾನೆ, ಅವನಿಗೆ 'ಹೊಂದಿಕೊಳ್ಳುವ ಗುಣವಿಲ್ಲ' ಎನ್ನುತ್ತೇವೆ. ಅಪ್ಪನ ಹೊಲದ ಅಳತೆ ಮಗನ ಗುಣವಾಗಿ ಕಾಣುವ ಈ ಬಗೆ ನನಗೆ ಎಲ್ಲಕ್ಕಿಂತ ಅನ್ಯಾಯವಾಗಿ ತೋರುತ್ತದೆ.

ಇನ್ನು ಆಚೆ ಬದಿಯ ಸಿದ್ಧತೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳದ ವಿಷಯಕ್ಕೆ ಸಿಟ್ಟಿಗೆದ್ದು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆ ತಪ್ಪು, ಅದಕ್ಕೆ ಬಂಧನಗಳೂ ಆದವು. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಕಂಡದ್ದೇನು? ಕಡಿಮೆ ಸಮಯದಲ್ಲಿ ಕೆಲಸಗಾರರ ಸಂಖ್ಯೆ 5000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನೋಡಿಕೊಳ್ಳಲು, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಎಚ್‌ಆರ್ ವಿಭಾಗದಲ್ಲಿ ಸಾಕಷ್ಟಿರಲಿಲ್ಲ. ಹಾಜರಿ ದಾಖಲಾಗುವ ವ್ಯವಸ್ಥೆಯೇ ಕೆಟ್ಟಿತ್ತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಐಟಿಐ ಓದಿದವರೂ ಇದ್ದರು. ಹುಡುಗರು ಫೋನ್ ಜೋಡಿಸಲು ಸಿದ್ಧರಿದ್ದರು, ಜೋಡಿಸುತ್ತಲೂ ಇದ್ದರು. ಹಾಜರಿ ಲೆಕ್ಕ ಇಡಲು ಬಾರದ ಕಾರ್ಖಾನೆಗೆ 'ಕೆಲಸಕ್ಕೆ ಸಿದ್ಧವಿಲ್ಲ' ಎಂದು ಯಾರಾದರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಇಂಥ ಮಾತು ತೆಗೆದಾಗ ಯಾರಾದರೊಬ್ಬರು 'ಕಾಯಕವೇ ಕೈಲಾಸ'ವನ್ನು ಮುಂದಿಡುತ್ತಾರೆ. ದುಡಿ, ಕೂಲಿಯ ಮಾತೆತ್ತಬೇಡ ಎಂಬ ಅರ್ಥದಲ್ಲಿ. ಕಾಯಕದ ಬಹು ಪ್ರಸಿದ್ಧ ಕಥೆಯೊಂದು ನಮ್ಮ ಜಿಲ್ಲೆಯವರದೇ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದವಳು ಲಕ್ಕಮ್ಮ. ಆ ಕಾಯಕಕ್ಕೊಂದು ಅಳತೆಯಿತ್ತು. ನೆಲದಲ್ಲಿ ಬಿದ್ದ ಅಕ್ಕಿ ಆಯುವವನಿಗೇ ಇಷ್ಟು ಕಟ್ಟುನಿಟ್ಟಾದರೆ, ಹನ್ನೆರಡು ತಾಸು ದುಡಿಸಿ ಎಂಟು ತಾಸಿನ ಲೆಕ್ಕ ಬರೆಯುವ ಕಾಂಟ್ರಾಕ್ಟರನಿಗೆ ಅಳತೆ ಬೇಡವೇ? ಲಕ್ಕಮ್ಮನ ಮಾತನ್ನು ಕೂಲಿಯವರಿಗಷ್ಟೇ ಓದಿ ಹೇಳುವುದು ಅವಳಿಗೇ ಮಾಡುವ ಅಪಚಾರ.

ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕದವರಿಗೆ ತರಬೇತಿ ಸಂಸ್ಥೆಗಳ ಸೀಟಿನಲ್ಲೂ ರಾಜ್ಯ ಸರ್ಕಾರದ ಹುದ್ದೆಗಳಲ್ಲೂ ಮೀಸಲಾತಿಗೆ ದಾರಿ ಮಾಡಿದೆ. ಖಾಸಗಿ ಕಾರ್ಖಾನೆಯ ಗೇಟಿನ ಒಳಗೆ ಅದು ಬರುವುದಿಲ್ಲ, ಐಟಿಐ ಹುಡುಗರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಆದ್ದರಿಂದ ಕ್ಯಾಂಪಸ್ ಸಂದರ್ಶನಕ್ಕೆ ಬಂದವರನ್ನು ಪ್ರಿನ್ಸಿಪಾಲರು, ಹುಡುಗರು ಜೊತೆಗೂಡಿ ಮೊದಲೇ ಕೇಳಬೇಕಾದ ಕೆಲವು ಮಾತುಗಳಿವೆ. ಪೇ ಸ್ಲಿಪ್ ಕಂಪನಿಯ ಹೆಸರಿನಲ್ಲಿ ಬರುತ್ತದೋ, ಕಾಂಟ್ರಾಕ್ಟರನ ಹೆಸರಿನಲ್ಲೋ? ಪಿಎಫ್, ಇಎಸ್‌ಐ ಯಾವ ದಿನದಿಂದ? ಓವರ್‌ಟೈಮನ್ನು ಯಾರು ಬರೆದುಕೊಳ್ಳುತ್ತಾರೆ? ರಾತ್ರಿ ಪಾಳಿ ಮುಗಿಸಿದ ಹುಡುಗಿ ಹಾಸ್ಟೆಲಿಗೆ ಹೇಗೆ ಹೋಗಬೇಕು? ಹೋದ ವರ್ಷ ರಾಯಚೂರು, ಮಾನ್ವಿ, ದೇವದುರ್ಗದಿಂದ ಕರೆದುಕೊಂಡು ಹೋದವರಲ್ಲಿ ಇವತ್ತು ಎಷ್ಟು ಮಂದಿ ಉಳಿದಿದ್ದಾರೆ?