ಅನರ್ಹರಿಗೆ ದೊರೆತ ವರ

ವರವೆಂಬುದು ಸಾಧಕನ ಪ್ರಯತ್ನಕ್ಕೆ ಸಲ್ಲುವ ಫಲವೋ, ಕೊಡುವವನ ನಿರ್ಹೇತುಕವಾದ ಕೃಪೆಯೋ ಎಂಬ ಪ್ರಶ್ನೆಯನ್ನು ಶ್ರೀವೈಷ್ಣವ ಆಚಾರ್ಯರು, ತಾಯಿಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯನ್ನೂ ತಾಯಿಯೇ ಕಚ್ಚಿಕೊಂಡೊಯ್ಯುವ ಬೆಕ್ಕಿನ ಮರಿಯನ್ನೂ ಮುಂದಿಟ್ಟುಕೊಂಡು ಬಹುಕಾಲ ಚರ್ಚಿಸಿರುವರು. ಅಂಥ ಗಂಭೀರ ವ್ಯವಹಾರಕ್ಕೆ ಬಂಗಾಳದ ನಗೆಯ ಚಿತ್ರವೊಂದನ್ನು ಸಾಕ್ಷಿಗೆ ಕರೆಯುವುದು ಕೆಲವರಿಗೆ ಅವಿನಯವೆಂದು ತೋರೀತು. ಆದರೂ ಉಪೇಂದ್ರಕಿಶೋರ ರಾಯ್ ಚೌಧುರಿಯವರು ಮಕ್ಕಳಿಗೆಂದು ಬರೆದ ಕಥೆಯನ್ನು ಅವರ ಮೊಮ್ಮಗ ಸತ್ಯಜಿತ್ ರಾಯ್ 1969ರಲ್ಲಿ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಎಂಬ ಹೆಸರಿನಿಂದ ತೆರೆಗೆ ತಂದಾಗ, ಬೆಕ್ಕಿನ ಮರಿಯ ಪಕ್ಷಕ್ಕೆ ಸಮರ್ಥರಾದ ವಕೀಲರಿಬ್ಬರು ದೊರೆತರೆಂದೇ ನನ್ನ ಭಾವನೆ.

ಸ್ವರಜ್ಞಾನವಿಲ್ಲದೆ ಹಾಡುವ ಗೂಪಿ, ತಾಳಜ್ಞಾನವಿಲ್ಲದೆ ಡೋಲು ಬಡಿಯುವ ಬಾಘಾ, ಇಬ್ಬರೂ ತಂತಮ್ಮ ಊರುಗಳಿಂದ ಹೊರದೂಡಲ್ಪಟ್ಟವರು. ಕಾಡಿನಲ್ಲಿ ಎದುರಾದ ಹುಲಿಯೊಂದು ಇವರನ್ನು ಮುಟ್ಟದೆ ಹೋದ ಸಂತೋಷಕ್ಕೆ ಅವರು ಎಬ್ಬಿಸಿದ ಗದ್ದಲವೇ ಅವರ ತಪಸ್ಸು. ಅದಕ್ಕೊಲಿದು ಬಂದವರು ಭೂತಗಳು. ಅರಸರು, ರೈತರು, ಬಿಳಿಯ ಸಾಹೇಬರು, ಹೊಟ್ಟೆಬಾಕರು ಎಂದು ನಾಲ್ಕು ವರ್ಗಗಳಾಗಿ, ನಮ್ಮ ದಕ್ಷಿಣದ ಕಚೇರಿಗಳ ಮೃದಂಗ, ಖಂಜಿರ, ಘಟ, ಮೋರ್ಸಿಂಗುಗಳ ಲಯಕ್ಕೆ ಕುಣಿಯುವ ಆ ಗಣದ ಅಧಿಪತಿಯು, ಪಾತ್ರಾಪಾತ್ರ ವಿಚಾರವನ್ನು ಕಿಂಚಿತ್ತೂ ಮಾಡದೆ, ಮೂರು ವರಗಳನ್ನು ದಯಪಾಲಿಸುವನು.

ಇಲ್ಲಿ ನಾವು ಪುರಾಣಗಳನ್ನು ನೆನೆಯಬೇಕು. ಹಿರಣ್ಯಕಶಿಪುವಿನ ತಪಸ್ಸಿನಲ್ಲಾಗಲಿ ಭಸ್ಮಾಸುರನ ತಪಸ್ಸಿನಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. ಅರ್ಹತೆಯೊಂದೇ ಪ್ರಮಾಣವಾದರೆ ಅವರಿಗಿಂತ ಅರ್ಹರಾರು? ಅವರು ಬೇಡಿದುದು ಅನ್ಯರ ಮೇಲಣ ಅಧಿಕಾರವನ್ನು. ಈ ಅನರ್ಹರಿಬ್ಬರು ಬೇಡಿದುದು ಬೇಕೆಂದಾಗ ಊಟ ಬಟ್ಟೆ, ಮನಬಂದ ಕಡೆಗೆ ಸಂಚಾರ, ಕೇಳುವವರಿಗೆ ಪ್ರಿಯವಾಗುವ ಗಾಯನವಾದನ. ಅದರಲ್ಲಿಯೂ ಊಟವಾಗಲಿ ಪಯಣವಾಗಲಿ ಲಭಿಸಬೇಕಾದರೆ ಒಬ್ಬನ ಅಂಗೈ ಇನ್ನೊಬ್ಬನ ಅಂಗೈಗೆ ತಟ್ಟಬೇಕೆಂಬ ನಿಯಮವುಂಟು. ಏಕಾಕಿಯಾಗಿ ತಪಸ್ಸು ಮಾಡಿ, ಏಕಾಕಿಯಾಗಿ ವರ ಪಡೆದು, ಕೊನೆಗೆ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡ ಭಸ್ಮಾಸುರನಿಗೆ ಇಂಥದೊಂದು ನಿಯಮವಿದ್ದಿದ್ದರೆ, ಪಾಪ, ಬದುಕಿಕೊಳ್ಳುತ್ತಿದ್ದನೋ ಏನೋ! ವರವು ಇವರ ಸ್ವಭಾವವನ್ನೇನೂ ತಿದ್ದಲಿಲ್ಲ. ಮಿತ್ರನಿಗೆ ರಾಜಕುಮಾರಿ ದೊರೆತರೆ ತನಗೂ ಒಬ್ಬಳು ಬೇಕೆನ್ನುವ ಬಾಘಾ ಕಡೆಯವರೆಗೂ ಬಾಘಾನೇ.

ಆದರೆ ಮೂರನೆಯ ವರವು ನನ್ನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇವರ ಸಂಗೀತವನ್ನು ಕೇಳಿದವರು ನಿಂತಲ್ಲೇ ಸ್ತಂಭಿತರಾಗುವರು. ಅತ್ತ ಕಥೆಯ ಹಾಲ್ಲಾ ರಾಜ್ಯದ ದುರ್ಮಂತ್ರಿಯು ಮಾಂತ್ರಿಕನ ಔಷಧದಿಂದ ತನ್ನ ಸಾಧು ಅರಸನ ಬುದ್ಧಿಯನ್ನು ಕೆಡಿಸಿ, ಶುಂಡಿ ರಾಜ್ಯದ ಮೇಲೆ ಯುದ್ಧಕ್ಕೆ ಹುರಿದುಂಬಿಸಿರುವನು. ಪರರ ಇಚ್ಛೆಯನ್ನು ಹಿಡಿದು ನಿಲ್ಲಿಸುವ ಗಾನಕ್ಕೂ ಆ ಔಷಧಕ್ಕೂ ಭೇದವೆಲ್ಲಿ? ಕೃಪೆಯೂ ಬಂಧನವಾಗಬಹುದೆಂಬ ಈ ಶಂಕೆಗೆ ಚಿತ್ರವು ತರ್ಕದಿಂದ ಉತ್ತರ ಕೊಡುವುದಿಲ್ಲ. ಉಪವಾಸದಿಂದ ಬಡಕಲಾದ ಹಾಲ್ಲಾದ ಸೈನ್ಯದ ಮೇಲೆ ಮೊದಲು ಹಾಡು ಇಳಿಯುವುದು, ಅನಂತರ ಆಕಾಶದಿಂದ ಸಿಹಿತಿಂಡಿಯ ಮಡಕೆಗಳು ಇಳಿಯುವುವು. ಕಾಲು ಸಡಿಲವಾದೊಡನೆ ಸೈನಿಕರು ಸೇನಾಪತಿಯ ಆಜ್ಞೆಯನ್ನು ಅಲ್ಲಿಯೇ ಬಿಟ್ಟು ಮಡಕೆಗಳ ಕಡೆಗೆ ಓಡುವರು. ಆ ಓಟವನ್ನು ಯಾರೂ ಅವರಿಗೆ ವಿಧಿಸಿರಲಿಲ್ಲ.