ಭೂಮಿಯ ಕ್ರಯವೂ ಸಾಕ್ಷ್ಯದ ವ್ಯಯವೂ

ನಿವೇಶನವನ್ನು ಕೊಂಡವರು ಅದಕ್ಕೆ ತೆತ್ತ ಬೆಲೆಯನ್ನು ಕುರಿತು ಹೆಚ್ಚಾಗಿ ಗೊಣಗುವುದಿಲ್ಲ. ಅವರ ಮನಸ್ಸು ಕಹಿಯಾಗುವುದು ಮೇಲುಖರ್ಚಿನಿಂದ. ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ನಿವೇಶನವೊಂದರಲ್ಲಿ ಹಣ ತೊಡಗಿಸುವಾತನು ಶೇಕಡಾ 5ರ ಮುದ್ರಾಂಕ ಶುಲ್ಕವನ್ನೂ, ಆ ಶುಲ್ಕದ ಮೇಲೆ ಶೇಕಡಾ 10ರ ಸೆಸ್ಸನ್ನೂ ಶೇಕಡಾ 2ರ ಸರ್‌ಚಾರ್ಜನ್ನೂ, 2025ರ ಆಗಸ್ಟ್ ಕೊನೆಯಲ್ಲಿ ಇಮ್ಮಡಿಗೊಂಡು ಶೇಕಡಾ 2ಕ್ಕೇರಿದ ನೋಂದಣಿ ಶುಲ್ಕವನ್ನೂ ಕೂಡಿಸಿ 4,56,000 ರೂಪಾಯಿಗಳನ್ನು ಸರ್ಕಾರಕ್ಕೆ ಕಟ್ಟಬೇಕು. ದಲ್ಲಾಳಿಯ ಕಮಿಷನ್ನು, ವಕೀಲರ ಫೀಜು, ಖಾತೆ ಬದಲಾವಣೆಯ ಖರ್ಚು ಬೇರೆ. ಒಂದು ಹಿಡಿ ಮಣ್ಣನ್ನೂ ಹೆಚ್ಚಿಸದ ಈ ವ್ಯಯವು ಯಾವ ವಸ್ತುವಿನ ಬೆಲೆ?

ಭೂಮಿಯನ್ನು ಕೊಡಲು ಮನುಷ್ಯನಿಗೆ ಅಧಿಕಾರವುಂಟೆ ಎಂಬುದು ಇದಕ್ಕೂ ಹಿಂದಣ ಪ್ರಶ್ನೆ. ವಿಶ್ವಕರ್ಮ ಭೌವನನೆಂಬ ಅರಸನು ಭೂಮಿಯನ್ನು ಕಶ್ಯಪನಿಗೆ ದಾನವಾಗಿ ಕೊಡಹೊರಟಾಗ, ಮರ್ತ್ಯನಾದವನು ತನ್ನನ್ನು ಕೊಡಲಾರನೆಂದೂ ತಾನು ನೀರಿನಲ್ಲಿ ಮುಳುಗಿಹೋಗುವೆನೆಂದೂ ಭೂದೇವಿ ಪ್ರತಿಭಟಿಸಿದ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕಾದ ವಿಶ್ವಜಿತ್ ಯಾಗದಲ್ಲಿ ರಾಜನು ಪೃಥ್ವಿಯನ್ನೂ ಕೊಡಬೇಕೆ ಎಂಬ ಸಂದೇಹವನ್ನೆತ್ತಿಕೊಂಡ ಜೈಮಿನಿಯು, ಅದು ಎಲ್ಲರಿಗೂ ಸಮಾನವಾದುದರಿಂದ ದಾನಕ್ಕೆ ಒಳಪಡದೆಂದು ನಿರ್ಣಯಿಸಿದನು. ಕರ್ಮಠರೆನಿಸಿದ ಮೀಮಾಂಸಕರಿಂದ ಇಂಥ ಮಾತು ಹೊರಟಿತೆಂಬುದು ನನಗೆ ಇಂದಿಗೂ ಸೋಜಿಗವೇ ಸರಿ.

ಹಾಗಾದರೆ ಹೊಲಮನೆಗಳು ಕೈಯಿಂದ ಕೈಗೆ ಹೋಗುವುದು ಹೇಗೆ? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸ್ವತ್ತೆಂಬುದು ಶಾಸ್ತ್ರದಿಂದ ಹುಟ್ಟಿದುದಲ್ಲ, ಲೋಕವ್ಯವಹಾರದಿಂದ ಸಿದ್ಧವಾದುದು ಎಂದು ವಾದಿಸಿದನು. ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಇವರೆಲ್ಲರ ಅನುಮತಿ, ಹಿರಣ್ಯ, ಉದಕ ಎಂಬ ಆರರಿಂದ ಭೂಮಿಯು ಕೈಮಾರುವುದೆಂಬ ಸ್ಮೃತಿವಚನವನ್ನು ವಿವರಿಸುವಲ್ಲಿ ಆತನ ವಿವೇಕವು ಬೆರಗುಗೊಳಿಸುವಂಥದು: ನೆರೆಯವರ ಒಪ್ಪಿಗೆ ಎಲ್ಲೆಯ ಜಗಳವನ್ನು ತಪ್ಪಿಸಲು, ಊರಿನ ಒಪ್ಪಿಗೆಯಾದರೋ ಸಂಗತಿ ಎಲ್ಲರಿಗೂ ತಿಳಿದಿರಲೆಂದು ಮಾತ್ರ, ಅದಿಲ್ಲದೆ ವ್ಯವಹಾರವೇ ಅಸಿದ್ಧವೆಂದಲ್ಲ. ಸ್ಥಾವರದ ವಿಕ್ರಯಕ್ಕೆ ನಿಷೇಧವಿದ್ದುದರಿಂದ ಚಿನ್ನವನ್ನಿಟ್ಟು ನೀರೆರೆದು, ಮಾರಾಟಕ್ಕೆ ದಾನದ ರೂಪವನ್ನು ಕೊಡಬೇಕಾಯಿತು.

ಇಂದು ಆ ಊರಿನ ಸ್ಥಾನದಲ್ಲಿ ಕುಳಿತಿರುವುದು ಸಬ್ ರಿಜಿಸ್ಟ್ರಾರ್ ಕಚೇರಿ. ಬರೆದುಕೊಡುವವನೂ ಬರೆಸಿಕೊಳ್ಳುವವನೂ ಸರದಿಗಾಗಿ ಕಾದು, ಕ್ಯಾಮೆರಾದ ಮುಂದೆ ಮುಖವೊಡ್ಡಿ, ಹೆಬ್ಬೆಟ್ಟನ್ನು ಒತ್ತುತ್ತಾರೆ; ಸಾಕ್ಷಿಗಳಿಬ್ಬರು, ಎಷ್ಟೋ ವೇಳೆ ಆಸ್ತಿಯನ್ನು ಕಣ್ಣಿನಿಂದ ಕಾಣದವರು, ಸಹಿ ಮಾಡಿ ಕಾಫಿಗೆ ಹೊರಡುತ್ತಾರೆ. ಇಷ್ಟು ಶುಲ್ಕವನ್ನು ಪಡೆದ ಮೇಲೂ ಸರ್ಕಾರವು ಮಾರಿದವನಿಗೆ ನಿಜವಾಗಿ ಹಕ್ಕಿತ್ತೆಂದು ಹೊಣೆ ಹೊರುವುದಿಲ್ಲ. ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ, ಆದಕಾರಣವೇ ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸಿ ವಕೀಲರಿಂದ ಓದಿಸುವ ಖರ್ಚು. ವಿಜ್ಞಾನೇಶ್ವರನ ಊರೂ ಇದಕ್ಕಿಂತ ಹೆಚ್ಚಿನದನ್ನು ಕೊಟ್ಟಿರಲಿಲ್ಲವೆಂಬುದನ್ನು ನೆನೆದರೆ ದೂರಿನ ಬಿಸಿ ತುಸು ಇಳಿದೀತು. ಜೈಮಿನಿಯ ಮಾತು ಸತ್ಯವಾದರೆ, ಮಣ್ಣಿಗೆಂದು ತೆತ್ತ 60 ಲಕ್ಷವು ಮಣ್ಣನ್ನು ಕೊಡಲು ಅರ್ಹನಲ್ಲದವನ ಕೈಸೇರಿತು. ನಾಲ್ಕು ಜನರ ಅರಿವನ್ನು, ಎಂದರೆ ಲೋಕದಲ್ಲಿ ನಿಜವಾಗಿ ದೊರೆಯಬಹುದಾದ ಒಂದೇ ಒಂದನ್ನು, ತಂದುಕೊಟ್ಟುದು ನಾವು ದಂಡವೆಂದು ಬಗೆದ ಆ ಉಳಿದ ಹಣ.

ಈ ದೃಷ್ಟಿಯಿಂದ ನೋಡಿದಾಗ, ಶುಲ್ಕವನ್ನು ಉಳಿಸಲೆಂದು ಪತ್ರದಲ್ಲಿ ಮಾರ್ಗಸೂಚಿ ದರವನ್ನಷ್ಟೇ ಕಾಣಿಸಿ, ಮಿಕ್ಕುದನ್ನು ನಗದಾಗಿ ಕೈಬದಲಿಸುವವನ ನಡತೆ ಬರಿಯ ತೆರಿಗೆಗಳ್ಳತನವೆನಿಸದು. ಊರಿನ ಸಾಕ್ಷ್ಯವನ್ನು ಬೇಡಿ ಬಂದವನೇ ಊರಿನ ಕಣ್ಣಿಗೆ ಮರೆಮಾಡುತ್ತಾನೆ. ಉಳುವ ಅಥವಾ ವಾಸಿಸುವ ಉದ್ದೇಶವೇ ಇಲ್ಲದೆ, ಕೊಂಡು ಮಾರುವ ಎರಡು ಪತ್ರಗಳ ನಡುವಣ ಅಂತರವನ್ನೇ ಭೂಮಿಯೆಂದು ಬಗೆದವನಿಗೆ ಆ ಪತ್ರವಲ್ಲದೆ ಬೇರೆ ಸ್ವತ್ತೇ ಇಲ್ಲವಾದುದರಿಂದ, ಅವನು ಕೆಡಿಸುವುದು ತನ್ನ ಸರ್ವಸ್ವವನ್ನೇ. ಅವನು ಮಾರುವ ಕಾಲಕ್ಕೆ ಲಾಭದ ತೆರಿಗೆಯನ್ನು ಎಣಿಸುವ ಅಧಿಕಾರಿಯೂ ಕೊಂಡ ಬೆಲೆಯೆಂದು ಹಿಡಿಯುವುದು ಅಲ್ಲಿ ಬರೆಸಿದ ಆ ಕಿರುಮೊತ್ತವನ್ನೇ.